ಅಂಚು ಕಚ್ಚಿದ ರೂಪಾಯಿ

ತಲೆಗೆ ಕಟ್ಟುವ ದೀಪದ ಪಟ್ಟಿ ಮೂಡಿಗೆರೆಯ ನಮ್ಮ ದಂತವೈದ್ಯರ ಹಣೆಯಲ್ಲಿ ಕೆಂಪು ಗೆರೆಯೊಂದನ್ನು ಕಾಯಂ ಮಾಡಿಬಿಟ್ಟಿತ್ತು. ಕೊನೆಯ ರೋಗಿ ಹೋದ ಮೇಲೂ ಅವರು ಅದನ್ನು ಬಿಚ್ಚುತ್ತಿರಲಿಲ್ಲ. ಮೇಜಿನ ಖಾನೆಯಿಂದ ಪೆಟ್ಟಿಗೆ ತೆಗೆದು, ಹಲ್ಲು ನೋಡುವ ಪುಟ್ಟ ಕನ್ನಡಿಯಲ್ಲೇ ಒಂದೊಂದು ನಾಣ್ಯದ ಅಂಚು ನೋಡುತ್ತ ಕೂರುತ್ತಿದ್ದರು. ಟಂಕಸಾಲೆಯಲ್ಲಿ ತಪ್ಪಾಗಿ ಅಚ್ಚಾದ ನಾಣ್ಯಗಳೆಂದರೆ ಅವರಿಗೆ ಪ್ರಾಣ.

ಹಲ್ಲಿನ ತಂತಿ ಬಿಗಿಸಿಕೊಳ್ಳಲು ನಾನು ಕೊಟ್ಟಿಗೆಹಾರದಿಂದ ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೆಳೆದ ಬಾಯಿ. ತಂತಿ ಬಿಗಿಸಿದರೂ ಸುಮ್ಮನಿರಲಿಲ್ಲ.

“ಈ ತಪ್ಪು ನಾಣ್ಯದ ಕತೆಯೆಲ್ಲ ಸುಳ್ಳು ಡಾಕ್ಟ್ರೇ. ಸುತ್ತಿಗೇಲಿ ಹೊಡೆದು ವಿಡಿಯೊ ಮಾಡ್ತಾರೆ.”

“ಎಲ್ಲ ಸುಳ್ಳು ಅನ್ನೋಳು ಎಲ್ಲ ನಿಜ ಅನ್ನೋಳ ತಂಗಿ ಮಾರಾಯ್ತಿ. ಇಬ್ರೂ ಸೋಮಾರಿಗಳು. ಹುಟ್ಟಿನಿಂದ ಸೊಟ್ಟ ಇರೋ ಹಲ್ಲೇ ಬೇರೆ, ಬಿದ್ದು ಮುರ್ಕೊಂಡಿದ್ದೇ ಬೇರೆ. ನಾಣ್ಯಾನೂ ಹಂಗೇ. ನೋಡಿ ಹೇಳು.”

ನೋಡುವುದನ್ನೂ ಅವರೇ ಕಲಿಸಿದರು. ಅಚ್ಚು ಬೀಳುವ ಮುಂಚೆ ಲೋಹದ ಬಿಲ್ಲೆಯನ್ನು ಸುತ್ತಲೂ ಒತ್ತಿ ಅಂಚು ಎಬ್ಬಿಸುತ್ತಾರೆ. ಒಂದು ಕಡೆ ಬಿಲ್ಲೆಯೇ ತುಂಡಾಗಿದ್ದರೆ ಅದರ ನೇರ ಎದುರಿಗೂ ಒತ್ತಡ ಸಿಗದೆ ಅಂಚು ಮೊಂಡಾಗಿ ಉಳಿಯುತ್ತದೆ. ಆಮೇಲೆ ಯಾರೋ ಕತ್ತರಿಸಿದ್ದಾದರೆ ಎದುರು ಅಂಚು ಸರಿಯಾಗಿಯೇ ಇರುತ್ತದೆ. “ಗಾಯ ನೋಡ್ಬೇಡ, ಎದುರು ನೋಡು” ಎನ್ನುತ್ತಿದ್ದರು.

ಶಾಲೆಯೊಂದು ಅವರ ಸಂಗ್ರಹವನ್ನು ಪ್ರದರ್ಶನಕ್ಕೆ ಕೇಳಿತು. ಮೊದಲ ಸ್ಥಾನ ಹಳೆಯ ದೊಡ್ಡ ಒಂದು ರೂಪಾಯಿಗೆ. ಬಿಸ್ಕತ್ತು ಕಚ್ಚಿದಂತೆ ಒಂದು ಕಡೆ ಅಂಚೇ ಇಲ್ಲ. ಹೈಸ್ಕೂಲಿನಲ್ಲಿ ಗೆಳೆಯ ಕೊಟ್ಟದ್ದು, ಅವರಿಗೆ ಈ ಹುಚ್ಚು ಹತ್ತಿದ್ದೇ ಅದರಿಂದ. ಪ್ರದರ್ಶನದ ಹಿಂದಿನ ದಿನ ಹೆಸರಿನ ಚೀಟಿ ಬರೆಯಲು ಕೂತ ನಾನು ಅಭ್ಯಾಸಬಲದಿಂದ ಎದುರು ನೋಡಿದೆ. ಅಂಚು ಸ್ಪಷ್ಟವಾಗಿ ಎದ್ದಿತ್ತು. ಇನ್ನೊಮ್ಮೆ ನೋಡಿದೆ.

“ಡಾಕ್ಟ್ರೇ, ಇದು...”

“ಹೇಳು. ಬೇರೆ ದಿನ ಬಾಯಿ ಮುಚ್ಚಲ್ಲ.”

“ಅರದಲ್ಲಿ ಉಜ್ಜಿದ್ದು ಅನ್ಸುತ್ತೆ.”

ಅವರು ಕನ್ನಡಿ ಹಿಡಿದು ನಾಣ್ಯವನ್ನು ತುಂಬಾ ಹೊತ್ತು ತಿರುಗಿಸಿದರು. ನಾನು ಹೇಳಿದ್ದು ತಪ್ಪಾಗಿರಲಿ ಎಂದು ನಾನೇ ಬಯಸಿದ್ದು ಅದೊಂದೇ ಸಲ.

“ಕಲಿಯೋ ಮುಂಚೆ ಸಿಕ್ಕಿದ್ದು. ಕಲಿತ ಮೇಲೆ ಇದನ್ನೂ ನೋಡ್ಬೇಕು ಅಂತ ಅನ್ನಿಸ್ಲೇ ಇಲ್ಲ ನೋಡು.” ದೀಪ ಆರಿಸಿದರು. ಆಮೇಲೆ ನಕ್ಕರು. “ಇಷ್ಟು ವರ್ಷ ಜೋಪಾನ ಮಾಡಿದ್ದು ಕಟ್ಟಿಸಿದ ಹಲ್ಲನ್ನ!”

“ತೆಗೆದುಬಿಡ್ಲಾ?”

“ಯಾಕೆ? ಜಾಗ ಅದರದ್ದೇ. ಚೀಟಿ ಬೇರೆ ಬರಿ.”

ಮರುದಿನ ಅದು ಮೊದಲ ಸ್ಥಾನದಲ್ಲೇ ಇತ್ತು, ‘ನಕಲಿ’ ಎಂಬ ಚೀಟಿಯೊಂದಿಗೆ. “ಯಾರಿಗೆ ಮೋಸ ಆಯ್ತು ಸಾರ್?” ಎಂದು ಮಕ್ಕಳು ಕೇಳಿದಾಗಲೆಲ್ಲ ಅವರು ಕೈ ಎತ್ತುತ್ತಿದ್ದರು.

ಹೋದ ವರ್ಷ ಅವರು ತೀರಿಕೊಂಡರು. ಸಂಗ್ರಹ ಕೊಂಡವರು ಆ ರೂಪಾಯಿ ಬೇಡವೆಂದು ಬಿಟ್ಟುಹೋದರಂತೆ. ಡಾಕ್ಟರ ಹೆಂಡತಿ ಅದನ್ನು ನನಗೆ ಕೊಟ್ಟರು. ಚರ್ಚೆಯಲ್ಲಿ ಪರ ಯಾರು, ವಿರೋಧ ಯಾರು ಎಂದು ತೀರ್ಮಾನಿಸಲು ಈಗ ಅದನ್ನೇ ಚಿಮ್ಮುತ್ತೇನೆ. ಇದರಲ್ಲೇನೋ ಮೋಸ ಇದೆ ಎಂದು ಎದುರಾಳಿಗಳು ತಕರಾರು ತೆಗೆಯುತ್ತಾರೆ. ಇದೆ ಎನ್ನುತ್ತೇನೆ. ಎಲ್ಲಿದೆ ಅಂತ ನೋಡಿ ಹೇಳಿ ಎಂದು ಅವರ ಕೈಗೇ ಕೊಡುತ್ತೇನೆ.