ಎರಡನೆಯ ಸಂಜೆಯ ಚಿತ್ರ

ಆ ಬಾಲಚುಕ್ಕಿ ಜರುಗಿತ್ತು. ನಾನು ಕಣ್ಣಾರೆ ನೋಡಿದ್ದೆ. ಜರುಗಿಲ್ಲ ಎಂದು ನಿಮಗೆ ಸುಳ್ಳು ಹೇಳಿದೆ.

ನೀವು ಹೋಗಿ ವರ್ಷ ತುಂಬಿತು. ನೀವಿದ್ದಾಗ ಬಾಯಿಬಿಡದವಳು ಈಗ ಬರೆಯಲು ಕೂತಿದ್ದೇನೆ — ಹೇಡಿತನವೇ ಸರಿ, ಆದರೂ ಬರೆಯುತ್ತೇನೆ.

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಕಕ್ಕಬೆಯ ಏಲಕ್ಕಿ ಎಸ್ಟೇಟಿನಲ್ಲಿ ನೀವು ಲೆಕ್ಕ ಬರೆಯುವ ರೈಟರು, ನಾನು ಶನಿವಾರಸಂತೆಯಿಂದ ಮದುವೆಯಾಗಿ ಬಂದವಳು. ತನ್ನ ದೇಶಕ್ಕೆ ಹೊರಟ ಎಸ್ಟೇಟಿನ ಬಿಳಿ ದೊರೆ ನಿಮಗೆ ಕೊಟ್ಟುಹೋದ ದುರ್ಬೀನು ನಮ್ಮ ಅಂಗಳದಲ್ಲಿ ನಿಂತಿರುತ್ತಿತ್ತು. ಅದನ್ನು ನನ್ನ ಸವತಿ ಎಂದು ಅಣಕಿಸುತ್ತಿದ್ದೆ. ಮಳೆ ಮುಗಿದು ಆಕಾಶ ತೆರೆದರೆ ಸಾಕು, ಯಾರೂ ಕಾಣದ ಬಾಲಚುಕ್ಕಿಯನ್ನು ಹುಡುಕುವ ಹುಚ್ಚು ನಿಮಗೆ. ಅದಕ್ಕೆ ಅಮಾವಾಸ್ಯೆಯ ಕತ್ತಲು ಬೇಕು. ನನ್ನ ತವರಿನ ದೀಪಾವಳಿಯೂ ಅದೇ ಅಮಾವಾಸ್ಯೆಗೆ. ಎರಡು ವರ್ಷ ನಾನೇ ಸೋತಿದ್ದೆ. ಹಬ್ಬಕ್ಕೆ ಕರೆದು ಅಮ್ಮ ಬರೆಸಿದ ಕಾಗದಗಳನ್ನು ಒಲೆಯ ಮುಂದೆ ಕೂತು ಓದಿ, ಕಣ್ಣು ಒರೆಸಿಕೊಂಡು, ಹೊಗೆ ಎಂದು ನಿಮಗೆ ಹೇಳುತ್ತಿದ್ದೆ.

ಮೂರನೆಯ ವರ್ಷ, ಹಬ್ಬಕ್ಕೆ ಮೂರು ದಿನವಿರುವಾಗ, ಮುಸ್ಸಂಜೆಯ ಪಶ್ಚಿಮದಲ್ಲಿ ನಿಮಗೊಂದು ಮಬ್ಬು ಚುಕ್ಕಿ ಕಂಡಿತು. ನಿಮ್ಮ ಬಳಿಯಿದ್ದ ನಕ್ಷತ್ರಪಟದಲ್ಲಿ ಅದಿರಲಿಲ್ಲ. ನೀವು ದುರ್ಬೀನಿನಿಂದ ಕಣ್ಣು ತೆಗೆಯದೆ ಹೇಳುತ್ತ ಹೋದಿರಿ, ನಾನು ಲಾಟೀನಿಗೆ ಬಟ್ಟೆ ಸುತ್ತಿ ಚಿತ್ರ ಬರೆದೆ — ಸುತ್ತಲಿನ ನಕ್ಷತ್ರಗಳು, ನಡುವೆ ಆ ಮಬ್ಬು. ಬರೆಯುವಾಗ ಹಾಳೆಯ ಅಂಚಿನಲ್ಲಿ ಒಂದು ತೊಟ್ಟು ಶಾಯಿ ಬಿತ್ತು.

"ಇರ್ಲಿ ಬಿಡೇ ನಂಜಿ, ಅದು ನೀನು ಕಂಡುಹಿಡ್ದ ನಕ್ಷತ್ರ" ಎಂದು ನಕ್ಕಿರಿ.

ಬಾಲಚುಕ್ಕಿಯೇ ಆಗಿದ್ದರೆ ಮಾರನೆಯ ದಿನ ಜಾಗ ಬದಲಿಸಿರಬೇಕು. ಅಲ್ಲೇ ಇದ್ದರೆ ಅದು ಪಟದಲ್ಲಿ ಬಿಟ್ಟುಹೋದ ಯಾವುದೋ ಹಳೆಯ ಮಬ್ಬು, ಅಷ್ಟೆ. ಆದರೆ ಮಾರನೆಯ ಸಂಜೆ ಏಲಕ್ಕಿ ಒಣಗಿಸುವ ಮನೆಯ ಬೆಂಕಿ ನೋಡಿಕೊಳ್ಳುವ ಕೆಲಸ ನಿಮ್ಮ ತಲೆಗೆ ಬಿತ್ತು. ಹೊರಡುವಾಗ ಹೇಳಿದಿರಿ:

"ನೀನೇ ನೋಡಿ ಬರ್ದಿಡು. ಜರುಗಿದ್ರೆ ಬೆಳಿಗ್ಗೆನೇ ವಿರಾಜಪೇಟೆಗೆ ಹೋಗಿ ವೇಧಶಾಲೆಗೆ ತಂತಿ ಕೊಡ್ಬೇಕು, ಆಮೇಲೆ ದಿನಾ ಕಾಯ್ಬೇಕು. ಜರುಗ್ದಿದ್ರೆ ನಾಳೆ ಬಸ್ಸಿಗೇ ನಿಮ್ಮೂರಿಗೆ ಹೋಗೋಣ."

ನೋಡಲೇ ಇಲ್ಲ ಎಂದುಬಿಟ್ಟರೆ ತಪ್ಪು ಹಗುರವಾದೀತು. ಇಲ್ಲ, ನೋಡಿದೆ. ಆ ಮಬ್ಬು ಎರಡು ನಕ್ಷತ್ರಗಳ ನಡುವಿನಿಂದ ಆಚೆಗೆ ಬಂದಿತ್ತು — ಅನುಮಾನಕ್ಕೆ ಜಾಗವೇ ಇರಲಿಲ್ಲ. ಒಳಗೆ ಬಂದು ಹಿಂದಿನ ದಿನದ ಹಾಳೆಯನ್ನು ಎದುರಿಗಿಟ್ಟುಕೊಂಡೆ. ಅದನ್ನೇ ನೋಡಿ ಇನ್ನೊಂದು ಬರೆದೆ. ಅಮ್ಮನ ಅಡುಗೆಮನೆಯೇ ಕಣ್ಣ ಮುಂದಿತ್ತು.

ನೀವು ಬಂದು ಎರಡೂ ಹಾಳೆಗಳನ್ನು ದೀಪದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಿರಿ.

"ಜರುಗಿಲ್ವಾ ನಂಜಿ?"

"ಇಲ್ಲಾ ರೀ, ಅಲ್ಲೇ ಇದೆ."

"ಸರಿ. ಬಟ್ಟೆ ಜೋಡಿಸ್ಕೋ."

ತವರಿನಲ್ಲಿ ನನ್ನ ತಮ್ಮಂದಿರ ಜೊತೆ ನೀವೂ ಪಟಾಕಿ ಹೊಡೆದಿರಿ. ಸುಳ್ಳೇಕೆ, ಅಷ್ಟು ಸಂತೋಷ ನನಗೆ ಆಮೇಲೆ ಎಂದೂ ಆಗಲಿಲ್ಲ. ವಾಪಸು ಬರುವಷ್ಟರಲ್ಲಿ ಸಂಜೆಯ ಆಕಾಶದ ತುಂಬ ಬೆಳದಿಂಗಳು, ಏನೂ ಕಾಣದು. ತಿಂಗಳು ಕಳೆದ ಮೇಲೆ ಪತ್ರಿಕೆ ಬಂತು. ಯಾವುದೋ ದೂರದ ದೇಶದವನೊಬ್ಬ ದೀಪಾವಳಿಯ ಸಂಜೆ, ಅದೇ ನಕ್ಷತ್ರಗಳ ಬಳಿ, ಹೊಸ ಧೂಮಕೇತು ಕಂಡಿದ್ದ. ಅದಕ್ಕೆ ಅವನ ಹೆಸರಿಟ್ಟಿದ್ದರು. ನೀವು ಪತ್ರಿಕೆ ಮಡಚಿ, "ನಾನು ಕಂಡಿದ್ದು ಬೇರೇನೋ ಇರ್ಬೇಕು. ಕಣ್ಣು ಮಂದ ಆಯ್ತು ಕಣೇ, ಇನ್ನು ಸಾಕು" ಎಂದಿರಿ. ದುರ್ಬೀನು ಪೆಟ್ಟಿಗೆ ಸೇರಿತು. ಆಗಲಾದರೂ ಹೇಳಬೇಕಿತ್ತು. ನಾನು ಕಾಫಿ ತರಲು ಎದ್ದುಹೋದೆ.

ಹೋದ ವಾರ ಆ ಪೆಟ್ಟಿಗೆ ತೆಗೆದೆ. ತಳದಲ್ಲಿ ಆ ಎರಡು ಹಾಳೆಗಳಿದ್ದವು. ಮೊದಲನೆಯದರಲ್ಲಿ ಶಾಯಿಯ ತೊಟ್ಟಿನ ಸುತ್ತ, ನಾನು ಹಾಕದ, ಪೆನ್ಸಿಲಿನ ಸಣ್ಣ ಸೊನ್ನೆ. ಎರಡನೆಯದರಲ್ಲೂ ಅದೇ ಜಾಗದಲ್ಲಿ ಅದೇ ಶಾಯಿಯ ಚುಕ್ಕಿ, ಸುತ್ತ ಅದೇ ಸೊನ್ನೆ. ಆಕಾಶದಲ್ಲಿ ಇಲ್ಲದ ನಕ್ಷತ್ರವನ್ನೂ ನಾನು ಆತುರದಲ್ಲಿ ನಕಲು ಮಾಡಿದ್ದೆ.

ಯಾವಾಗ ಹಾಕಿದಿರಿ ಆ ಸೊನ್ನೆ? ಪತ್ರಿಕೆ ಬಂದ ದಿನವೋ, ಅಥವಾ ಆ ಸಂಜೆಯೇ — ಗೊತ್ತಿದ್ದೂ ಬಸ್ಸು ಹತ್ತಿದಿರೋ... ಅಂತೂ ನಿಮಗೆ ಗೊತ್ತಿತ್ತು. ತಪ್ಪನ್ನು ನಿಮ್ಮ ಕಣ್ಣಿನ ಮೇಲೆ ಹಾಕಿಕೊಂಡು ಇಷ್ಟು ವರ್ಷ ನನ್ನ ಜೊತೆ ನಗುನಗುತ್ತ ಬಾಳಿದಿರಿ. ಒಂದು ಸಲ ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ.

ಕ್ಷಮಿಸಿ ಎನ್ನುವುದಿಲ್ಲ. ಇವತ್ತು ಆ ಎರಡನೆಯ ಹಾಳೆಯ ಕೆಳಗೆ ಬರೆದಿದ್ದೇನೆ: "ಇದು ಆಕಾಶ ನೋಡಿ ಬರೆದದ್ದಲ್ಲ. ಚುಕ್ಕಿ ಜರುಗಿತ್ತು. ಅದನ್ನು ಮೊದಲು ಕಂಡವರು ನಮ್ಮ ಯಜಮಾನರು. — ನಂಜಮ್ಮ."