ಫಿರಂಗಿ ಸುಮ್ಮನಿದ್ದ ರಾತ್ರಿ

ನಮ್ಮ ಬೀದಿಯ ಮೇಬಲ್ ಮೀನಿಗೆ ಹೊಗೆ ಹಾಕುವ ಶೆಡ್ಡಿನಲ್ಲಿ ಕೆಲಸಕ್ಕಿದ್ದಳು. ಎಷ್ಟು ತಿಕ್ಕಿ ತೊಳೆದರೂ ಕೈಯ ವಾಸನೆ ಹೋಗುತ್ತಿರಲಿಲ್ಲ. ಬಾಯಿ ಮಾತ್ರ ಬಲು ಹರಿತ. ಗಂಡ ಸಿರಿಲ್ ಊರಾಚೆಯ ಬಯಲಿನಲ್ಲಿ ವಿಮಾನ ಹೊಡೆಯುವ ಫಿರಂಗಿ ಪಡೆಯಲ್ಲಿದ್ದ. ರಜೆಗೆ ಬಂದಾಗಲೆಲ್ಲ ಬೀದಿಯವರು ಅವನ ಕಾಲೆಳೆಯುತ್ತಿದ್ದರು: "ಏನಪ್ಪಾ ಸಿರಿಲ್, ಈ ವಾರ ಎಷ್ಟು ಮೋಡ ಕೆಡವಿದೆ?"

ಹಲ್ ಬಂದರಿನವರಾದ ನಮಗೆ ವಿಮಾನದಾಳಿಯ ಸೈರನ್ ಅಂದರೆ ತಾತ್ಸಾರ. ಜರ್ಮನ್ ವಿಮಾನಗಳು ಯಾವ ಊರಿಗೆ ಹೊರಟರೂ ನಮ್ಮ ತಲೆಯ ಮೇಲೇ ಹೋಗಬೇಕು. ದಿನವೂ ಅದು ಕೂಗುವುದೇ. ಹಿತ್ತಿಲ ಅಡಗುಗುಂಡಿಯಲ್ಲಿ ಕಣಕಾಲುದ್ದ ನೀರು ಬೇರೆ. ಹಾಗಾಗಿ ಫಿರಂಗಿ ಸದ್ದು ಮಾಡಿದರಷ್ಟೇ ನಾವು ಗುಂಡಿಗೆ ಇಳಿಯುತ್ತಿದ್ದೆವು. ಅದು ಸುಮ್ಮನಿದ್ದರೆ ಇವತ್ತು ಬೇರೆ ಊರಿನವರ ಸರದಿ ಎಂದುಕೊಂಡು ಮಗ್ಗುಲು ಬದಲಿಸುವುದು. ನಾಚಿಕೆಯೂ ಆಗುತ್ತಿರಲಿಲ್ಲ.

ನಲವತ್ತೊಂದರ ಮೇ ತಿಂಗಳ ಆ ರಾತ್ರಿಯೂ ಸೈರನ್ ಕೂಗಿತು. ಮೇಬಲ್ಲಳ ತಂಗಿ ಐವಿ ತುಂಬು ಬಸುರಿ, ಹೆರಿಗೆಗೆಂದು ಬಂದಿದ್ದಳು.

"ಅಕ್ಕಾ, ಇಳಿಯೋಣ್ವಾ?"

"ಸುಮ್ನೆ ಮಲ್ಕೊಳ್ಳೇ. ನಿಮ್ಮ ಭಾವನ ಫಿರಂಗಿ ಇನ್ನೂ ಕೆಮ್ಮಿಲ್ಲ. ಆ ನೀರಲ್ಲಿ ಕೂತ್ರೆ ನಿನ್ನ ಮಗು ಈಜ್ಕೊಂಡೇ ಹೊರಗೆ ಬರತ್ತೆ."

ಐವಿ ನಕ್ಕಳು. ಪಕ್ಕದ ಮನೆಯಲ್ಲಿ, ಗೋಡೆಯಾಚೆ ಮಲಗಿದ್ದ ನನಗೂ ಕೇಳಿಸಿತು. ನಾನೂ ಏಳಲಿಲ್ಲ.

ಐವಿಯ ಹೆಣವನ್ನು ಮರುದಿನ ಮಧ್ಯಾಹ್ನ ಬಾಂಬಿಗೆ ಕುಸಿದ ಇಟ್ಟಿಗೆಗಳ ಅಡಿಯಿಂದ ತೆಗೆದರು. ಪಕ್ಕದಲ್ಲೇ ಮಲಗಿದ್ದ ಮೇಬಲ್ಲಳ ಮೊಣಕೈ ತರಚಿತ್ತು, ಅಷ್ಟೇ. ಅವಳು ಅಳಲಿಲ್ಲ. ಅರ್ಧ ಉಳಿದಿದ್ದ ನಮ್ಮ ಅಡುಗೆಮನೆಯಲ್ಲಿ ಕೂತು, ಕೊಟ್ಟ ಚಹಾ ಕುಡಿದಳು. ನನಗೂ ಏನೂ ಅನ್ನಿಸಲಿಲ್ಲ. ಅನ್ನಿಸಲಿಲ್ಲವಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

ಸಂಜೆ ಸಿರಿಲ್ ಬಂದ. ಒಳಗೆ ಬರದೆ ಬಾಗಿಲಲ್ಲೇ ನಿಂತ.

"ನಮ್ಮ ವಿಮಾನಗಳು ಮೇಲಿದಾವೆ, ತಗಲೀತು, ಹೊಡೀಬೇಡಿ ಅಂತ ಹುಕುಂ ಬಂತು. ಅಷ್ಟ್ರಲ್ಲಿ ಫೋನಿನ ತಂತಿ ಕಡಿದುಹೋಯ್ತು. ಮತ್ತೆ ಯಾರನ್ನ ಕೇಳೋದು?"

"ಇದ್ವಾ ನಮ್ಮ ವಿಮಾನ?" ಮೇಬಲ್ ಕೇಳಿದಳು.

"ಒಂದೂ ಇರ್ಲಿಲ್ಲ. ವಿಮಾನ ನಿಲ್ದಾಣದಲ್ಲಿ ಮಂಜು ಅಂತ ನೆಲ ಬಿಟ್ಟೇ ಎದ್ದಿರ್ಲಿಲ್ವಂತೆ."

ಅವನೇ ಮುಂದುವರಿಸಿದ, ಸಮಾಧಾನಕ್ಕೆಂದೇ ಹೇಳಿದ, ಪಾಪ. "ಹೊಡೆದಿದ್ರೂ ಅಷ್ಟೇ ಕಣೇ. ಕತ್ತಲಲ್ಲಿ ನಮ್ಮ ಗುಂಡು ಯಾವತ್ತು ತಗಲಿದೆ ಹೇಳು? ಒಂದೂ ಬೀಳ್ತಿರ್ಲಿಲ್ಲ."

"ಬೀಳೋದು ಯಾರಿಗೆ ಬೇಕಿತ್ತು ಸಿರಿಲ್?" ಎಂದಳು ಮೇಬಲ್. "ಸದ್ದಾಗಿದ್ರೆ ಸಾಕಿತ್ತು."