ರತ್ನಳ ಕೈಗುಣ

ನನ್ನ ಮಗಳ ಕೈಗುಣ ಸರಿಯಿಲ್ಲವೆಂದು ನಾನು ಸುಳ್ಳು ಹೇಳಿದೆ. ಸತ್ತು ಹುಟ್ಟಿದ ಒಂದು ಮಗುವಿನ ಸಾವನ್ನು ಅವಳ ತಲೆಗೆ ಕಟ್ಟಿದೆ. ಅದರಲ್ಲಿ ಅವಳ ತಪ್ಪೇನೂ ಇಲ್ಲವೆಂದು ಆ ಹೆರಿಗೆಯ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

ನಾನು ಕೋಗಿಲು ಊರಿನ ಸೂಲಗಿತ್ತಿ. ನನ್ನ ತಾಯಿಯೂ ಹೆರಿಗೆ ಮಾಡಿಸುತ್ತಿದ್ದಳು. ಎಪ್ಪತ್ತರ ದಶಕ ಶುರುವಾದಾಗ ನನ್ನ ಒಬ್ಬಳೇ ಮಗಳು ರತ್ನ ಹತ್ತನೇ ಕ್ಲಾಸು ಮುಗಿಸಿ ನನ್ನ ಹಿಂದೆ ಬರತೊಡಗಿದಳು. ನಾನು ಬೇಡವೆಂದೆ. "ಕುರ್ಚಿ ಮ್ಯಾಲೆ ಕೂತ್ಕೊಂಡು ಮಾಡೋ ಕೆಲ್ಸ ಇಡ್ಕೊ" ಎಂದೆ. ಹೆರಿಗೆಯ ಹೊತ್ತಿನಲ್ಲಿ ನಮ್ಮನ್ನು ದೇವರೆನ್ನುತ್ತಾರೆ. ಕೆಲಸ ಮುಗಿದ ಮೇಲೆ ಹಿತ್ತಲ ಬಾಗಿಲಲ್ಲಿ ಕೂರಿಸಿ ಊಟ ಹಾಕುತ್ತಾರೆ. ಆ ಬಾಗಿಲು ನನ್ನ ಮಗಳಿಗೆ ಬೇಡವೆಂದು ನನಗನಿಸಿತ್ತು. ಇದು ನಿಜ. ಆದರೆ ಪೂರ್ತಿ ನಿಜವಲ್ಲ.

ಅವಳಿಗೆ ಈ ಕೆಲಸ ನನಗಿಂತ ಚೆನ್ನಾಗಿ ಒಲಿದಿತ್ತು. ನಾನು ಗದರಿಸಿ ಹೆರಿಗೆ ಮಾಡಿಸುತ್ತಿದ್ದೆ. ಅವಳು ಬೆನ್ನು ನೀವುತ್ತ, ಏನೋ ಹರಟುತ್ತ, ನೋವು ತಿನ್ನುತ್ತಿರುವವಳನ್ನೂ ನಗಿಸಿಬಿಡುತ್ತಿದ್ದಳು. ಒಂದು ದಿನ ಒಬ್ಬಾಕೆ ನಮ್ಮ ಬಾಗಿಲಿಗೆ ಬಂದು, "ನೀನ್ ಬರ್ದಿದ್ರೂ ಆಯ್ತದೆ, ಮಗಳ್ನ ಕಳ್ಸು" ಅಂದಳು. ನಾನು ನಕ್ಕೆ. ಒಳಗೆ ಮಾತ್ರ — ಹೆತ್ತ ಮಗಳ ಮೇಲೆ ಹೊಟ್ಟೆಕಿಚ್ಚು! ಅದಕ್ಕೆ ಬೇರೆ ಹೆಸರಿಲ್ಲ.

ಆಮೇಲೆ ಯಲಹಂಕದ ಜುಬೇದಾಳ ಹೆರಿಗೆ ಬಂತು. ಅವಳಿಗೆ ಅದು ಚೊಚ್ಚಲು. ಬೆಳಿಗ್ಗೆ ನಾವು ಹೋಗುವಷ್ಟರಲ್ಲಿ ನೋವು ಬಲಿತಿತ್ತು. ರತ್ನ ನೀರು ಕಾಯಿಸಲು ಹೋದಾಗ ನಾನು ಜುಬೇದಾಳ ಹೊಟ್ಟೆಗೆ ಕಿವಿಯಿಟ್ಟೆ. ಏನೂ ಕೇಳಲಿಲ್ಲ. ಜಾಗ ಬದಲಿಸಿ ಕೇಳಿದೆ. ಇಲ್ಲ. ಮಗು ಹೊಟ್ಟೆಯೊಳಗೇ ತೀರಿಹೋಗಿತ್ತು. ಈಗ ಹೇಳಿದರೆ ತಾಯಿ ಕುಸಿಯುತ್ತಾಳೆ, ಹೆರಿಗೆಯಾದ ಮೇಲೆ ಹೇಳೋಣ ಎಂದುಕೊಂಡು ಬಾಯಿ ಬಿಡಲಿಲ್ಲ. ಅಲ್ಲಿಯವರೆಗೆ ನಾನು ಮಾಡಿದ್ದು ಸರಿಯೆಂದೇ ಈಗಲೂ ಅನಿಸುತ್ತದೆ. ಅಲ್ಲಿಯವರೆಗೆ ಮಾತ್ರ.

ಮಧ್ಯಾಹ್ನ ಮಗು ರತ್ನಳ ಕೈಗೆ ಬಂತು. ಅವಳು ಅದರ ಬೆನ್ನು ತಟ್ಟಿದಳು, ಅಂಗಾಲು ಉಜ್ಜಿದಳು, ಬಾಯಿಗೆ ಬಾಯಿಟ್ಟು ಊದಿದಳು. ಮನೆ ತುಂಬ ಇದ್ದ ಹೆಂಗಸರು ಅವಳ ಕೈಯನ್ನೇ ನೋಡುತ್ತಿದ್ದರು. ಕೊನೆಗೆ ಅವಳು ನನ್ನತ್ತ ತಿರುಗಿದಳು. "ಅವ್ವಾ, ನಾನೇನಾರ ತಪ್ ಮಾಡಿದ್ನಾ?"

ಇಲ್ಲ ಮಗಳೇ, ಒಳಗೇ ಹೋಗಿತ್ತು — ಇಷ್ಟು ಸಾಕಿತ್ತು. ನಾನು ಹೇಳಿದ್ದು ಬೇರೆ. ಎಲ್ಲರಿಗೂ ಕೇಳುವಂತೆ ಹೇಳಿದೆ.

"ಎಲ್ಲಾರ್ಗೂ ಕೈಗುಣ ಇರಾಕಿಲ್ಲ ಕಣೆ. ನಿಂಗೆ ಈ ಕೆಲ್ಸ ಬ್ಯಾಡ, ಬುಟ್ಬುಡು."

ಬಿಟ್ಟಳು. ಟೈಪಿಂಗ್ ಕಲಿತು ಯಶವಂತಪುರದ ಕಾರ್ಖಾನೆಯೊಂದರ ಆಫೀಸಿನಲ್ಲಿ ಕುರ್ಚಿಯ ಮೇಲೆ ಕೂತಳು. ಊರೆಲ್ಲ ಹೇಳಿಕೊಂಡು ಮೆರೆದೆ. ಆದರೆ ನನ್ನ ಮಾತೂ ಊರೆಲ್ಲ ಹರಡಿತ್ತು. ಸೀಮಂತ, ನಾಮಕರಣಗಳಿಗೆ ರತ್ನಳನ್ನು ಕರೆಯುವವರೇ ಇಲ್ಲವಾದರು. ಮದುವೆಯಾಗಿ ಗಂಗಾನಗರ ಸೇರಿದ ಮೇಲೆ ಎಲ್ಲ ಮರೆತಾಳೆಂದುಕೊಂಡೆ. ಅವಳಿಗೆ ಸುಧಾ ಹುಟ್ಟಿದಳು. ಹಾಲು ಕುಡಿಸಿದ ಕೂಡಲೇ ಕೂಸನ್ನು ನನ್ನತ್ತ ಚಾಚುತ್ತಿದ್ದಳು. "ನೀನೇ ಎತ್ಕೊ ಅವ್ವ, ನೀನೇ ಸ್ನಾನ ಮಾಡ್ಸು. ನನ್ ಕೈ ಬೇಡ."

ಅದನ್ನು ಕೇಳಿಯೂ ನಾನು ನಿಜ ಹೇಳಲಿಲ್ಲ. ಕೂಸನ್ನು ಎತ್ತಿಕೊಂಡು ಎಣ್ಣೆ ಹಚ್ಚಿದೆ.

ಈ ವರ್ಷ ಸುಧಾ ಹತ್ತನೇ ಕ್ಲಾಸು ಪಾಸಾದಳು. ನಾನು ಗಂಗಾನಗರಕ್ಕೆ ಹೋಗಿದ್ದ ದಿನ, ನರ್ಸಿಂಗ್ ಓದುತ್ತೇನೆ ಎಂದಳು. ರತ್ನ ಹುರುಳಿಕಾಯಿ ಹೆಚ್ಚುತ್ತಿದ್ದವಳು ತಲೆಯೆತ್ತಲಿಲ್ಲ. "ನಮ್ಮನೆ ಕೈಗೆ ಅದು ಆಗ್ಬರಲ್ಲ. ಟೈಪಿಂಗ್ ಕಲಿ."

"ಅಜ್ಜಿ, ನೀವಾದ್ರೂ ಹೇಳಿ" ಎಂದು ಸುಧಾ ನನ್ನತ್ತ ತಿರುಗಿದಳು.

ಹೇಳಿದೆ. ಕಿವಿಯಿಟ್ಟು ಕೇಳಿದ್ದು, ಹೊಟ್ಟೆಕಿಚ್ಚು, ಎಲ್ಲವನ್ನೂ. ರತ್ನ ಕೊನೆಯವರೆಗೂ ಕೇಳಿದಳು.

"ಮಗು ಹೋಗಿದೆ ಅಂತ ನಿಂಗೆ ಯಾವಾಗ ಗೊತ್ತಾಯ್ತು?"

"ಬೆಳಿಗ್ಗೇನೆ."

"ಅವತ್ತು ಮನೆ ತುಂಬ ಜನ ಇದ್ರು. ಅವ್ರಿಗೆಲ್ಲ ಹೇಳ್ತೀಯಾ?"

"ಎಲ್ಲಾರ್ಗೂ ಏಳ್ತೀನಿ."

"ಹಾಗಾದ್ರೆ ಹೋಗು." ಆಮೇಲೆ ಮಗಳಿಗೆ, "ನಿನ್ನಿಷ್ಟ ಕಣೇ, ಏನ್ ಬೇಕಾದ್ರೂ ಓದು" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನವೇ ಜುಬೇದಾಳ ಮನೆಗೆ ಹೋದೆ. ಆ ಚೊಚ್ಚಲು ಹೋದ ಮೇಲೆ ಅವಳು ಮೂವರು ಮಕ್ಕಳನ್ನು ಹೆತ್ತಿದ್ದಾಳೆ; ಒಮ್ಮೆಯೂ ನಮ್ಮನ್ನು ಕರೆದಿರಲಿಲ್ಲ. ಕಿವಿಯಿಟ್ಟು ಕೇಳಿದ್ದರಿಂದ ಹಿಡಿದು ಎಲ್ಲವನ್ನೂ ಅವಳಿಗೆ ಹೇಳಿದೆ.

"ಇಷ್ಟ್ ವರ್ಷ ಆ ಹುಡುಗಿಗೆ ಶಾಪ ಹಾಕಿದೀನಲ್ಲ ಅಕ್ಕಾ" ಎಂದಳು. "ಈಗ ಅದನ್ನ ಹೆಂಗೆ ವಾಪಸ್ ತಗೊಳ್ಲಿ?"

ಅವತ್ತು ಅಲ್ಲಿದ್ದ ಹೆಂಗಸರ ಹೆಸರುಗಳನ್ನು ಅವಳಿಂದಲೇ ಕೇಳಿಕೊಂಡು ಎದ್ದೆ. 

ಹೆತ್ತವರ ಕೆಲಸ ಮಕ್ಕಳು ಹಿಡಿಯಬೇಕೋ ಬಿಡಬೇಕೋ — ಆ ಬಗ್ಗೆ ಬಾಯಿ ತೆರೆಯುವ ಹಕ್ಕನ್ನು ನಾನು ಕಳೆದುಕೊಂಡಿದ್ದೇನೆ. ರತ್ನ ನನ್ನೊಡನೆ ಇನ್ನೂ ಮಾತಾಡಿಲ್ಲ. ಮಾತಾಡಲಿ ಎಂಬ ಆಸೆಗೆ ನಾನು ಮನೆಮನೆ ತಿರುಗುತ್ತಿಲ್ಲ. ಅಂದು ಅಲ್ಲಿದ್ದವರಲ್ಲಿ ಕೆಲವರು ತೀರಿಕೊಂಡಿದ್ದಾರೆ. ಅವರ ಸೊಸೆಯರಿಗೆ ಹೇಳುತ್ತೇನೆ. ಜುಬೇದಾಳ ಪಕ್ಕದ ಮನೆಗೆ ಇವತ್ತು ಬೀಗ ಹಾಕಿತ್ತು. ನಾಳೆ ಮತ್ತೆ ಹೋಗುತ್ತೇನೆ.